ಕಡಿಮೆ ಸಿನಿಮಾ, ಜಾಸ್ತಿ ಸಮಯ

ಒಬ್ಬ ಮುದುಕ ಗೋಡೆಯ ಮೊಳೆಗೆ ನೇತುಹಾಕಿದ್ದ ಕೀಲಿಕೈ ತೆಗೆದುಕೊಳ್ಳುತ್ತಾನೆ. ಶಾಟ್ ಅಷ್ಟೇ. ನಾನೇ ಮಾಡಿದ ಒಂದು ಕಿರುಚಿತ್ರದ್ದು. ಬೆರಳು ಕೀಲಿಕೈಗೆ ತಾಗಿದ ಕೂಡಲೇ ಕಟ್ ಮಾಡಿ ಬಾಗಿಲಿನ ಶಾಟ್‌ಗೆ ಹೋಗಿದ್ದೆವು. ಮಾರನೇ ದಿನ ಬೆಳಿಗ್ಗೆ ಚಿತ್ರ ಒಪ್ಪಿಸಬೇಕಿತ್ತು. ರಾತ್ರಿ ಎರಡು ಗಂಟೆ ಆಗಿತ್ತು. ಕಥೆ ಅರ್ಥವಾದರೆ ಸಾಕು ಅನ್ನುವ ಸ್ಥಿತಿಯಲ್ಲಿದ್ದೆವು.

ಮೂರು ತಿಂಗಳಾದ ಮೇಲೆ ಬೇರೇನೋ ಹುಡುಕುತ್ತಾ ಹಳೇ ಹಾರ್ಡ್ ಡಿಸ್ಕ್ ತೆರೆದೆ. ಆ ಶಾಟನ್ನು ಕೊನೆವರೆಗೂ ನೋಡಿದೆ. ನಾವು ಕತ್ತರಿಸಿದ ಜಾಗದಿಂದ ಮುಂದಿನ 14 ಫ್ರೇಮ್‌ಗಳಲ್ಲಿ ಆ ನಟ ಹೆಬ್ಬೆರಳಿನಿಂದ ಕೀಲಿಕೈ ಮೇಲಿನ ಧೂಳು ಒರೆಸಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ಅವರಿಗೇ ತೋಚಿದ್ದು. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಅದು ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಅಷ್ಟು ಉಳಿಸಿಕೊಂಡಿದ್ದರೆ ಆ ಬಾಗಿಲು ವರ್ಷಗಟ್ಟಲೆ ತೆರೆದಿಲ್ಲ ಅನ್ನೋದು ತಾನಾಗೇ ಗೊತ್ತಾಗುತ್ತಿತ್ತು. ಅದನ್ನು ಹೇಳುವುದಕ್ಕೆ ನಾವು ಒಂದು ಮಾತು ಬರೆದು, ಡಬ್ ಮಾಡಿ, ಮುಂದಿನ ದೃಶ್ಯಕ್ಕೆ ತುರುಕಿದ್ದೆವು.

ಆ ವರ್ಷ ನಾನು ಐದು ಕಿರುಚಿತ್ರ ಮಾಡಿದ್ದೆ. ಐದರಲ್ಲೂ ಇಂಥ ಹೆಬ್ಬೆರಳುಗಳು ಎಷ್ಟು ಹೋಗಿರಬಹುದು ಅಂತ ಯೋಚನೆಯಾಯಿತು. ಮುಂದಿನ ವರ್ಷ ಒಂದೇ ಮಾಡಿದೆ.

"ಸಂಖ್ಯೆ ಮುಖ್ಯ ಅಲ್ಲ, ಗುಣಮಟ್ಟ ಮುಖ್ಯ" ಎಂಬ ಮಾತನ್ನು ಸಿನಿಮಾದವರು ಪ್ರತಿ ಸಂದರ್ಶನದಲ್ಲೂ ಹೇಳುತ್ತಾರೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಅದು ನಿಜವಾಗಿ ಹೇಗೆ ಕೆಲಸ ಮಾಡುತ್ತದೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಸಿನಿಮಾ ಕಡಿಮೆ ಮಾಡಿದ ಮಾತ್ರಕ್ಕೆ ಅದು ಒಳ್ಳೆಯದಾಗುತ್ತದೆಯೇ? ಖಂಡಿತ ಇಲ್ಲ. ಐದು ವರ್ಷ ತೆಗೆದುಕೊಂಡು ಮಾಡಿದ ಕೆಟ್ಟ ಸಿನಿಮಾಗಳನ್ನು ನಾವೆಲ್ಲ ನೋಡಿದ್ದೇವೆ. ಹಾಗಾದರೆ ಕಡಿಮೆ ಮಾಡುವವರಲ್ಲಿ ಕೆಲವರು ಅಷ್ಟು ಚೆನ್ನಾಗಿ ಮಾಡುವುದು ಹೇಗೆ? ನನಗೆ ಅರ್ಥವಾದ ಮಟ್ಟಿಗೆ, ಅವರು ಉಳಿಸಿದ ಸಮಯವನ್ನು ಸರಿಯಾದ ಹಂತದಲ್ಲಿ ಖರ್ಚು ಮಾಡುತ್ತಾರೆ. ಜೊತೆಗೆ, ಕಾಯುವುದು ದುಬಾರಿ ಆಗದ ಹಾಗೆ ಬದುಕನ್ನು ಹೊಂದಿಸಿಕೊಂಡಿರುತ್ತಾರೆ. ಈ ಎರಡರಲ್ಲಿ ಒಂದಿಲ್ಲದಿದ್ದರೂ ಕೆಲಸ ಕೆಡುತ್ತದೆ.

ಒಂದು ದಿನದ ಲೆಕ್ಕ

ಮೊದಲು ಶೂಟಿಂಗ್ ಲೆಕ್ಕ ನೋಡೋಣ. 110 ನಿಮಿಷದ ಸಿನಿಮಾ ಇದೆ ಅಂದುಕೊಳ್ಳಿ. 20 ದಿನದಲ್ಲಿ ಮುಗಿಸಬೇಕು ಅಂದರೆ ದಿನಕ್ಕೆ ಐದೂವರೆ ನಿಮಿಷದ ಸಿನಿಮಾ ಕೈಗೆ ಬರಬೇಕು. 40 ದಿನ ಸಿಕ್ಕರೆ ಎರಡೂಮುಕ್ಕಾಲು ನಿಮಿಷ.

ಹನ್ನೆರಡು ಗಂಟೆಯ ಕೆಲಸದ ದಿನ. ಊಟ, ಬೆಳಿಗ್ಗೆ ಸಾಮಾನು ಇಳಿಸುವುದು, ಸಂಜೆ ಗಂಟುಮೂಟೆ ಕಟ್ಟುವುದು ಎಲ್ಲ ಕಳೆದರೆ ಒಂಬತ್ತೂವರೆ ಗಂಟೆ ಉಳಿಯುತ್ತದೆ. ಕ್ಯಾಮೆರಾ ಜಾಗ ಬದಲಿಸಿ, ಲೈಟ್ ಸರಿ ಮಾಡಿ, ಒಂದು ರಿಹರ್ಸಲ್ ನೋಡಿ, ನಾಲ್ಕೈದು ಟೇಕ್ ತೆಗೆಯುವುದಕ್ಕೆ ಸುಮಾರು ಮುಕ್ಕಾಲು ಗಂಟೆ ಬೇಕು. ಅಂದರೆ ದಿನಕ್ಕೆ ಹೆಚ್ಚೆಂದರೆ ಹನ್ನೆರಡು ಸಲ ಕ್ಯಾಮೆರಾ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ.

20 ದಿನದ ಶೆಡ್ಯೂಲ್‌ನಲ್ಲಿ ಆ ಒಂದೊಂದು ಜಾಗದಿಂದಲೂ ಸುಮಾರು 27 ಸೆಕೆಂಡಿನ ಸಿನಿಮಾ ಹುಟ್ಟಲೇಬೇಕು. 40 ದಿನದ್ದರಲ್ಲಿ 14 ಸೆಕೆಂಡ್ ಆದರೆ ಸಾಕು. ಒಂದು ಕಡೆಯಿಂದ ಅರ್ಧ ನಿಮಿಷ ಹುಟ್ಟಲೇಬೇಕು ಎಂದಾಗ ನಿರ್ದೇಶಕ ಏನು ಮಾಡುತ್ತಾನೆ? ಗ್ಯಾರಂಟಿ ಇರುವುದನ್ನೇ ಮಾಡುತ್ತಾನೆ. ಇಬ್ಬರು ಮಾತಾಡುವ ದೃಶ್ಯವಾದರೆ ಇಬ್ಬರೂ ಕಾಣುವ ಒಂದು ಅಗಲದ ಶಾಟ್, ಇವರ ಮುಖ, ಅವರ ಮುಖ. ಮುಗೀತು. ಮಾತಿನಲ್ಲಿ ಎಲ್ಲವನ್ನೂ ಹೇಳಿಸುತ್ತಾನೆ, ಯಾಕೆಂದರೆ ಮಾತನ್ನು ಚಿತ್ರೀಕರಿಸುವುದು ಬೇಗ ಆಗುತ್ತದೆ. ಮೌನವನ್ನು ಚಿತ್ರೀಕರಿಸುವುದು ನಿಧಾನ. ಪ್ರತಿಭೆ ಇಲ್ಲದೆ ಹೀಗಾಗುವುದಲ್ಲ, ಗಡಿಯಾರವೇ ಹೀಗೆ ಮಾಡಿಸುತ್ತದೆ. ಸಿನಿಮಾ ನೋಡುವಾಗ "ಎಲ್ಲ ಮಾತಲ್ಲೇ ಹೇಳ್ತಾರಪ್ಪ" ಎಂದು ನಿಮಗೆ ಅನ್ನಿಸಿದರೆ, ಬಹಳ ಸಲ ಅದರ ಹಿಂದೆ ಇಂಥ ಒಂದು ಶೆಡ್ಯೂಲ್ ಇರುತ್ತದೆ.

ಎಡಿಟಿಂಗ್‌ನಲ್ಲೂ ಇದೇ ಕಥೆ. 80 ಗಂಟೆಯ ಫುಟೇಜ್ ಇದ್ದರೆ, ದಿನಕ್ಕೆ ಎಂಟು ಗಂಟೆ ಕೂತರೂ ಸುಮ್ನೆ ಒಂದು ಸಲ ನೋಡುವುದಕ್ಕೇ ಹತ್ತು ದಿನ ಬೇಕು. ಇನ್ನೂ ಒಂದೂ ಕಟ್ ಹಾಕಿಲ್ಲ. ಆರು ವಾರದಲ್ಲಿ ಚಿತ್ರ ಕೈಗೆ ಬೇಕು ಎಂದಾಗ ಮೊದಲು ಹೋಗುವುದೇ ಈ ಹತ್ತು ದಿನ. ಎಡಿಟರ್ ಸೆಟ್‌ನಲ್ಲಿ ಓಕೆ ಆದ ಟೇಕ್‌ಗಳನ್ನು ಮಾತ್ರ ತೆರೆಯುತ್ತಾರೆ. ಓಕೆ ಆಗದ ಟೇಕ್‌ನಲ್ಲಿ, "ಕಟ್" ಎಂದ ಮೇಲೂ ಕ್ಯಾಮೆರಾ ಓಡುತ್ತಿದ್ದ ಎರಡು ಸೆಕೆಂಡಿನಲ್ಲಿ ನಟಿಯ ಮುಖದ ಮೇಲೆ ಏನು ಬಂದಿತ್ತು ಎಂಬುದು ಯಾರಿಗೂ ಗೊತ್ತಾಗುವುದೇ ಇಲ್ಲ.

ಹಾಗಾಗಿ ಸಿನಿಮಾದಲ್ಲಿ ಗುಣಮಟ್ಟ ಅಂದರೆ ದೊಡ್ಡ ಕ್ಯಾಮೆರಾ ಅಲ್ಲ, ದುಬಾರಿ ಸೆಟ್ ಅಲ್ಲ. ಎರಡನೇ ಸಲ ನೋಡುವ ಅವಕಾಶ. ತಪ್ಪಾಗಿದೆ ಎಂದು ಗೊತ್ತಾದಾಗ ತಿದ್ದಲು ಇನ್ನೂ ದಿನಗಳಿರುವುದು. ನಾನು ಈ ಕೆಲಸದಲ್ಲಿ ಕಂಡುಕೊಂಡ ಅತಿ ಸರಳ ವಿವರಣೆ ಇದು.

ಸಮಯವನ್ನು ಎಲ್ಲಿ ಹಾಕಬೇಕು

ಆದರೆ ಶೂಟಿಂಗ್ ದಿನ ಜಾಸ್ತಿ ಮಾಡಿ ಎಂದರೆ ನಿರ್ಮಾಪಕರು ಸುಸ್ತಾಗುತ್ತಾರೆ. ಅವರ ತಪ್ಪಲ್ಲ. ಶೂಟಿಂಗ್ ದಿನವೇ ಸಿನಿಮಾದ ಅತಿ ದುಬಾರಿ ದಿನ. ನೂರು ಜನ, ಅವರ ಊಟ, ವಾಹನ, ಬಾಡಿಗೆ ಉಪಕರಣ, ಲೊಕೇಶನ್, ನಟರ ಕಾಲ್‌ಶೀಟ್ ಎಲ್ಲ ಒಟ್ಟಿಗೆ ಓಡುತ್ತಿರುತ್ತದೆ. ಅದೇ ಒಬ್ಬರೋ ಇಬ್ಬರೋ ಕೂತು ಬರೆಯುವ ದಿನ ತುಂಬಾ ಅಗ್ಗ. ಎಡಿಟಿಂಗ್ ದಿನ ನಡುವಿನದು. ಇದನ್ನು ತಿಳಿದವರು ಸಮಯವನ್ನು ಅಗ್ಗದ ಹಂತಕ್ಕೆ ಸುರಿಯುತ್ತಾರೆ.

ಜಪಾನಿನ ಯಸುಜಿರೊ ಒಜು ಇದಕ್ಕೆ ಒಳ್ಳೆಯ ಉದಾಹರಣೆ. 1949ರಿಂದ 1962ರವರೆಗೆ ಅವರು ಮಾಡಿದ್ದು 13 ಸಿನಿಮಾ, ಹೆಚ್ಚುಕಡಿಮೆ ವರ್ಷಕ್ಕೊಂದು. ಅಷ್ಟೂ ಚಿತ್ರಗಳಿಗೆ ಅವರ ಜೊತೆ ಕೂತು ಬರೆದದ್ದು ಕೊಗೊ ನೋದಾ. ಇಬ್ಬರೂ ಊರ ಗದ್ದಲದಿಂದ ದೂರ ಹೋಗಿ ತಿಂಗಳುಗಟ್ಟಲೆ ಉಳಿಯುತ್ತಿದ್ದರು. ಒಂದೊಂದು ಮಾತಿಗೂ ಚರ್ಚೆ. ಅಷ್ಟು ಬರೆದಾದ ಮೇಲೆ ಸೆಟ್‌ನಲ್ಲಿ ಹುಡುಕಾಟ ಇರುತ್ತಿರಲಿಲ್ಲ. ಸ್ಟುಡಿಯೊದ ಖರ್ಚೂ ಕೈಮೀರುತ್ತಿರಲಿಲ್ಲ, ವರ್ಷಕ್ಕೊಂದು ಸಿನಿಮಾ ನೆಮ್ಮದಿಯಾಗಿ ಬರುತ್ತಿತ್ತು.

ಇಂಗ್ಲೆಂಡಿನ ಮೈಕ್ ಲೀ ಇನ್ನೊಂದು ದಾರಿ ಹಿಡಿದರು. ಅವರು ಸಿದ್ಧ ಚಿತ್ರಕಥೆ ಇಟ್ಟುಕೊಂಡು ಶುರು ಮಾಡುವುದಿಲ್ಲ. ನಟರ ಜೊತೆ ತಿಂಗಳುಗಟ್ಟಲೆ ರಿಹರ್ಸಲ್ ಮಾಡುತ್ತಾ ಪಾತ್ರಗಳನ್ನು ಕಟ್ಟುತ್ತಾರೆ. ಕ್ಯಾಮೆರಾ ಬರುವ ಹೊತ್ತಿಗೆ ನಟನಿಗೆ ತನ್ನ ಪಾತ್ರಕ್ಕೆ ಚಿಕ್ಕಂದಿನಲ್ಲಿ ಏನಾಗಿತ್ತು, ಯಾರ ಮೇಲೆ ಮುನಿಸಿದೆ ಎಲ್ಲ ಗೊತ್ತಿರುತ್ತದೆ. ಇಲ್ಲಿ ಸಮಯ ಹೋಗುವುದು ಬರವಣಿಗೆಗಲ್ಲ, ನಟನೆಗೆ. ಆದರೂ ದುಬಾರಿ ದಿನಗಳು ಶುರುವಾಗುವ ಮುಂಚೆಯೇ ಹೋಗುತ್ತದೆ ನೋಡಿ.

ಅಮೆರಿಕದ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಮಾಡಿದ್ದು ಇನ್ನೂ ವಿಶೇಷ. 1953ರಿಂದ 1999ರವರೆಗೆ 13 ಕಥಾಚಿತ್ರ. ಕೊನೆಯ ನಾಲ್ಕು ಬಂದದ್ದು 1975, 1980, 1987, 1999ರಲ್ಲಿ. ಕೊನೆಯ ಚಿತ್ರದ ಶೂಟಿಂಗ್ 400 ದಿನ ನಡೆಯಿತು, ಗಿನ್ನೆಸ್ ದಾಖಲೆಗೂ ಸೇರಿತು. ಅಷ್ಟು ದಿನಕ್ಕೆ ಒಂದು ಸ್ಟುಡಿಯೊ ಹೇಗೆ ಒಪ್ಪಿತು? ಹೆಸರು ಒಂದು ಕಾರಣ, ಸರಿ. ಇನ್ನೊಂದು ಕಾರಣದ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ: ಅವರು ತಮ್ಮ ಯೂನಿಟ್ ತುಂಬಾ ಚಿಕ್ಕದಾಗಿ ಇಟ್ಟುಕೊಳ್ಳುತ್ತಿದ್ದರು. ಸೆಟ್‌ನಲ್ಲಿ ಜನ ಕಡಿಮೆ ಇದ್ದರೆ ಒಂದು ದಿನದ ಖರ್ಚು ಕಡಿಮೆ. ದಿನದ ಖರ್ಚು ಕಡಿಮೆಯಾದರೆ ಅದೇ ದುಡ್ಡಿಗೆ ಜಾಸ್ತಿ ದಿನ ಸಿಗುತ್ತದೆ. ಅವರಿಗೆ ಬೇಕಾಗಿದ್ದು ಮತ್ತೆ ಮತ್ತೆ ಟೇಕ್ ತೆಗೆಯುವ ಸಮಯ. ಅದನ್ನು ಜನರ ಸಂಖ್ಯೆ ಇಳಿಸಿ ಕೊಂಡುಕೊಂಡರು. ಎಲ್ಲರೂ ಕುಬ್ರಿಕ್ ಆಗಬೇಕಾಗಿಲ್ಲ, ಆದರೆ ಈ ಒಂದು ಲೆಕ್ಕವನ್ನು ಮೊದಲ ಕಿರುಚಿತ್ರ ಮಾಡುವವರೂ ಬಳಸಬಹುದು. ಹದಿನೈದು ಜನರ ಜೊತೆ ನಾಲ್ಕು ದಿನ ಮಾಡುವ ಬದಲು, ಐದು ಜನರ ಜೊತೆ ಹತ್ತು ದಿನ. ನಾನು ಹಾಗೆ ಮಾಡಿ ನೋಡಿದ್ದೇನೆ. ಎರಡನೇ ವಾರದಲ್ಲಿ ನಟರು ಕ್ಯಾಮೆರಾ ಮರೆತುಬಿಡುತ್ತಾರೆ.

ಕಾಯುವ ವರ್ಷಗಳಲ್ಲಿ ಹೊಟ್ಟೆಪಾಡು

ಈಗ ಕಷ್ಟದ ಭಾಗ. ಇದನ್ನು ಹೇಳದೇ "ಒಳ್ಳೆಯದನ್ನೇ ಮಾಡಿ, ಕಡಿಮೆ ಮಾಡಿ" ಎಂದು ಯಾರಿಗಾದರೂ ಬುದ್ಧಿ ಹೇಳುವುದು ಸರಿಯಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ನಿರ್ದೇಶಕನ ಸಂಭಾವನೆ ಸಾಮಾನ್ಯವಾಗಿ ಕಂತಿನಲ್ಲಿ ಬರುತ್ತದೆ. ಒಪ್ಪಂದಕ್ಕೆ ಸಹಿ ಹಾಕಿದಾಗ ಅಡ್ವಾನ್ಸ್, ಶೂಟಿಂಗ್ ಶುರುವಾದಾಗ ಒಂದಿಷ್ಟು, ಮುಗಿದಾಗ ಒಂದಿಷ್ಟು, ಚಿತ್ರ ಒಪ್ಪಿಸಿದಾಗ ಉಳಿದದ್ದು. ಚಿತ್ರ ಒಂದು ವರ್ಷದಲ್ಲಿ ಮುಗಿದರೆ ಆ ಹಣ ಒಂದು ವರ್ಷದ ದುಡಿಮೆ. ನಾಲ್ಕು ವರ್ಷ ಹಿಡಿದರೆ ಅದೇ ಹಣ ನಾಲ್ಕು ವರ್ಷಕ್ಕೆ ಹಂಚಿಹೋಗುತ್ತದೆ. ಸಹಿ ಹಾಕುವ ಮುಂಚೆ ಕಥೆ ಹುಡುಕುತ್ತಾ ಕಳೆದ ಎರಡು ವರ್ಷಕ್ಕೆ ಯಾರೂ ಏನೂ ಕೊಡುವುದಿಲ್ಲ. ಅಂದರೆ ಕಡಿಮೆ ಸಿನಿಮಾ ಮಾಡುತ್ತೇನೆ ಎಂದು ತೀರ್ಮಾನಿಸುವುದು ಕಲೆಯ ತೀರ್ಮಾನ ಎಷ್ಟೋ, ಮನೆ ಖರ್ಚಿನ ತೀರ್ಮಾನವೂ ಅಷ್ಟೇ. ಮನೆಯಲ್ಲಿ ಇನ್ನೊಬ್ಬರ ಸಂಬಳ ಇದೆಯೋ, ಸಾಲ ಇದೆಯೋ, ನೋಡಿಕೊಳ್ಳಬೇಕಾದ ಅಪ್ಪ ಅಮ್ಮ ಇದ್ದಾರೋ ಎಂಬುದರ ಮೇಲೆ ಅದು ನಿಂತಿರುತ್ತದೆ.

ಸ್ವೀಡನ್ನಿನ ರಾಯ್ ಆಂಡರ್ಸನ್ ಅವರ ಬದುಕನ್ನು ನಾನು ಪದೇ ಪದೇ ನೆನೆಯುತ್ತೇನೆ. 1970ರಲ್ಲಿ ಮೊದಲ ಸಿನಿಮಾ, ಜನ ಇಷ್ಟಪಟ್ಟರು. 1975ರಲ್ಲಿ ಎರಡನೆಯದು, ಬಿದ್ದುಹೋಯಿತು. ಮುಂದಿನ ಕಥಾಚಿತ್ರ ಬಂದದ್ದು 2000ದಲ್ಲಿ. ನಡುವೆ 25 ವರ್ಷ. ಆ 25 ವರ್ಷ ಅವರೇನು ಕೈಕಟ್ಟಿ ಕೂತಿರಲಿಲ್ಲ. ನೂರಾರು ಜಾಹೀರಾತು ಚಿತ್ರ ಮಾಡಿದರು. 1981ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ಟುಡಿಯೊ 24 ಎಂಬ ಸ್ವಂತ ಜಾಗ ಮಾಡಿಕೊಂಡರು. ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಆ ಜಾಹೀರಾತುಗಳೇ ಅವರಿಗೆ ಪ್ರಯೋಗಶಾಲೆ ಆದವು. ಅಲ್ಲಾಡದೆ ನಿಂತ ಕ್ಯಾಮೆರಾ, ಒಂದೇ ಶಾಟ್‌ನಲ್ಲಿ ಮುಗಿಯುವ ಒಂದು ಪುಟ್ಟ ಕಥೆ, ಕೈಯಿಂದ ಕಟ್ಟಿದ ಸೆಟ್, ಪೇಲವ ಬಣ್ಣ, ಎಲ್ಲವನ್ನೂ ಅಲ್ಲಿ ಮಾಡಿ ಮಾಡಿ ಹದ ಮಾಡಿಕೊಂಡರು. ಬಂದ ಹಣದಲ್ಲಿ ಸ್ಟುಡಿಯೊ ನಡೆಯಿತು. ಸ್ಟುಡಿಯೊ ತಮ್ಮದೇ ಆದ್ದರಿಂದ ಒಂದು ಸೆಟ್ ಕಟ್ಟಿ, ಸರಿ ಬರಲಿಲ್ಲ ಅಂದರೆ ಒಡೆದು, ಮತ್ತೆ ಕಟ್ಟಬಹುದಿತ್ತು. 2000ದಲ್ಲಿ ಬಂದ ಆ ಚಿತ್ರಕ್ಕೆ ಹಿಡಿದದ್ದು ಸುಮಾರು ನಾಲ್ಕು ವರ್ಷ. ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಪ್ರಶಸ್ತಿ ಬಂತು. 2014ರಲ್ಲಿ ಇನ್ನೊಂದು ಚಿತ್ರಕ್ಕೆ ವೆನಿಸ್‌ನಲ್ಲಿ ಗೋಲ್ಡನ್ ಲಯನ್, ಆ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ.

ಜಾಹೀರಾತು ಮಾಡುವುದು ರಾಜಿ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೊಟ್ಟೆಪಾಡಿನ ಕೆಲಸ ಕೈಯನ್ನು ಚುರುಕಾಗಿಡುತ್ತಿದ್ದರೆ ಮತ್ತು ನಿಮ್ಮ ಸಿನಿಮಾಕ್ಕೆ ಬೇಕಾದ ಸ್ವಾತಂತ್ರ್ಯವನ್ನು ಕಾಪಾಡುತ್ತಿದ್ದರೆ ಅದು ರಾಜಿ ಹೇಗಾಗುತ್ತದೆ? ಇಂಗ್ಲೆಂಡಿನ ನಿರ್ದೇಶಕ ಜೊನಾಥನ್ ಗ್ಲೇಜರ್ ಕೂಡ ಜಾಹೀರಾತು, ಮ್ಯೂಸಿಕ್ ವಿಡಿಯೊಗಳಿಂದ ಬಂದವರು. 2000, 2004, 2013, 2023: ನಾಲ್ಕೇ ಕಥಾಚಿತ್ರ. ನಾಲ್ಕನೆಯದಕ್ಕೆ ಅಂತಾರಾಷ್ಟ್ರೀಯ ಚಿತ್ರ ವಿಭಾಗದಲ್ಲಿ ಆಸ್ಕರ್ ಬಂತು.

ಕೇರಳದ ಅಡೂರ್ ಗೋಪಾಲಕೃಷ್ಣನ್ ಬೇರೆ ಥರ ಹೊಂದಿಸಿಕೊಂಡರು. 1965ರಲ್ಲೇ ಗೆಳೆಯರ ಜೊತೆ ಸೇರಿ ಚಿತ್ರಲೇಖ ಎಂಬ ಸಹಕಾರ ಸಂಘ ಕಟ್ಟಿದರು. ಮೊದಲ ಕಥಾಚಿತ್ರ ಬಂದದ್ದು 1972ರಲ್ಲಿ. 2016ರವರೆಗೆ ಒಟ್ಟು 12 ಕಥಾಚಿತ್ರ. ನಡುನಡುವೆ ಸಾಕ್ಷ್ಯಚಿತ್ರಗಳನ್ನು ಮಾಡುತ್ತಲೇ ಇದ್ದರು. ಅವರ ಪಟ್ಟಿ ನೋಡಿ "44 ವರ್ಷಕ್ಕೆ ಬರೀ 12" ಎಂದು ಲೆಕ್ಕ ಹಾಕುವವರು ಆ ಸಾಕ್ಷ್ಯಚಿತ್ರಗಳನ್ನು ಎಣಿಸುವುದೇ ಇಲ್ಲ. ಕಥಾಚಿತ್ರಗಳ ನಡುವಿನ ವರ್ಷಗಳು ಖಾಲಿ ವರ್ಷಗಳಲ್ಲ.

ಆಯ್ಕೆಯೋ, ಅನಿವಾರ್ಯವೋ

ಒಂದು ವಿಷಯದಲ್ಲಿ ನಾವೆಲ್ಲ ಎಡವುತ್ತೇವೆ. ಯಾರೋ ಕಡಿಮೆ ಸಿನಿಮಾ ಮಾಡಿದ್ದಾರೆ ಎಂದ ಕೂಡಲೇ ಅದು ಅವರ ತಪಸ್ಸು ಎಂದುಕೊಂಡುಬಿಡುತ್ತೇವೆ. ಬಹಳ ಸಲ ಅದು ಆಯ್ಕೆ ಆಗಿರುವುದೇ ಇಲ್ಲ.

ರಷ್ಯಾದ ನಿರ್ದೇಶಕ ಆಂದ್ರೇಯ್ ತಾರ್ಕೋವ್‌ಸ್ಕಿ 1962ರಿಂದ 1986ರವರೆಗೆ ಮಾಡಿದ್ದು ಏಳು ಕಥಾಚಿತ್ರ. ಎರಡನೆಯದು 1966ರಲ್ಲೇ ಮುಗಿದಿತ್ತು, ಸೋವಿಯತ್ ಅಧಿಕಾರಿಗಳು ತಡೆಹಿಡಿದರು, ಅಲ್ಲಿನ ಥಿಯೇಟರಿಗೆ ಬಂದದ್ದು 1971ರಲ್ಲಿ. ಅವರನ್ನು ಬಿಟ್ಟಿದ್ದರೆ ಇನ್ನೂ ಹಲವು ಮಾಡುತ್ತಿದ್ದರು. ಸ್ಪೇನಿನ ವಿಕ್ಟರ್ ಎರಿಸೆ ಅವರ ಪೂರ್ಣಪ್ರಮಾಣದ ಚಿತ್ರಗಳು ಬಂದದ್ದು 1973, 1983, 1992, 2023ರಲ್ಲಿ. ಇದರಲ್ಲಿ 1983ರ ಚಿತ್ರ ಅವರು ಅಂದುಕೊಂಡಿದ್ದರ ಮೊದಲ ಭಾಗ ಮಾತ್ರ. ಉಳಿದದ್ದನ್ನು ಚಿತ್ರೀಕರಿಸುವ ಮುಂಚೆ ನಿರ್ಮಾಪಕರು ನಿಲ್ಲಿಸಿದರು. ಜನ ಅದನ್ನು ಈಗಲೂ ಮೆಚ್ಚುತ್ತಾರೆ. ಮಾಡಿದವರಿಗೆ ಅದು ಅರ್ಧಕ್ಕೆ ನಿಂತ ಚಿತ್ರ.

ಜಪಾನಿನ ಅಕಿರಾ ಕುರೊಸಾವಾ 1943ರಿಂದ 1965ರೊಳಗೆ 23 ಸಿನಿಮಾ ಮಾಡಿದವರು. ಆಮೇಲೆ 1970, 1975, 1980, 1985, 1990. 1990ರವರೆಗೆ ಐದು ವರ್ಷಕ್ಕೊಂದು. ದುಡ್ಡು ಹಾಕುವವರು ಸಿಗುತ್ತಿರಲಿಲ್ಲ. 1980ರ ಚಿತ್ರ ಆಗುವುದೋ ಇಲ್ಲವೋ ಎಂಬ ಅನುಮಾನದ ದಿನಗಳಲ್ಲಿ ಅವರು ಕುಂಚ ಹಿಡಿದು ದೃಶ್ಯಗಳನ್ನು ಒಂದೊಂದಾಗಿ ಬರೆಯುತ್ತಾ ಕೂತರು. ಸೈನಿಕರ ಬಟ್ಟೆಯ ಬಣ್ಣ, ಬಾವುಟ, ಆಕಾಶ, ಕುದುರೆ ನಿಂತ ಭಂಗಿ, ಎಲ್ಲ. ಸಿನಿಮಾ ಆಗದಿದ್ದರೂ ಕಾಗದದ ಮೇಲಾದರೂ ಇರಲಿ ಎಂದು. ಕೊನೆಗೆ ಅಮೆರಿಕದ ನಿರ್ದೇಶಕರಾದ ಕೊಪ್ಪೊಲಾ ಮತ್ತು ಲೂಕಾಸ್ ನೆರವಿಗೆ ನಿಂತು ಅಲ್ಲಿನ ಸ್ಟುಡಿಯೊದಿಂದ ಹಣ ಬಂತು. ಆ ಹೊತ್ತಿಗೆ ಅವರು ಇಡೀ ಚಿತ್ರವನ್ನು ಒಂದು ಸಲ ನೋಡಿ ಮುಗಿಸಿದ್ದರು ಎನ್ನಬಹುದು. ಅನಿವಾರ್ಯವಾಗಿ ಬಂದ ಕಾಯುವಿಕೆಯನ್ನೂ ಅವರು ಕೆಲಸ ಮಾಡಿಕೊಂಡರು. ಇದು ನನಗೆ ದೊಡ್ಡ ಪಾಠ. ಹಾಗಂತ ಅವರಿಗೆ ಬಾಗಿಲು ಮುಚ್ಚಿದ್ದನ್ನು ಒಳ್ಳೆಯದಾಯಿತು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವರು ಇನ್ನೂ ನಾಲ್ಕು ಸಿನಿಮಾ ಮಾಡಬಹುದಿತ್ತು.

ಜಾಸ್ತಿ ಮಾಡುವುದೂ ಒಂದು ದಾರಿ

ಇಷ್ಟು ಹೇಳಿದ ಮೇಲೆ ಎದುರು ಬದಿಯ ಮಾತನ್ನೂ ಹೇಳಬೇಕಲ್ವಾ? ಒಜು ವರ್ಷಕ್ಕೊಂದು ಮಾಡಿದ್ದು ಕೊನೆಯ ಹದಿಮೂರು ವರ್ಷದಲ್ಲಿ. ಅವರು ಶುರು ಮಾಡಿದ್ದು 1927ರಲ್ಲಿ. 1930 ಒಂದರಲ್ಲೇ ಏಳು ಸಿನಿಮಾ ಮಾಡಿದ್ದರು. ಒಟ್ಟು ಸೇರಿಸಿದರೆ 50ಕ್ಕೂ ಹೆಚ್ಚು. ಆ ಏಳರ ಓಟ ಇಲ್ಲದೆ ಕೊನೆಯ ನಿಧಾನ ಬರುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಎಲ್ಲಿ ಕ್ಯಾಮೆರಾ ಇಟ್ಟರೆ ಏನಾಗುತ್ತದೆ ಎಂಬುದು ಓದಿ ತಿಳಿಯುವಂಥದ್ದಲ್ಲ. ಈಜಿನ ಹಾಗೆ, ನೀರಿಗೆ ಬಿದ್ದೇ ಕಲಿಯಬೇಕು.

ಜರ್ಮನಿಯ ಫಾಸ್‌ಬಿಂಡರ್ 1982ರಲ್ಲಿ 37ನೇ ವಯಸ್ಸಿಗೆ ತೀರಿಕೊಂಡಾಗ ಸುಮಾರು 40 ಚಿತ್ರ ಮಾಡಿಟ್ಟಿದ್ದರು. ಅವರ ಬಹುಪಾಲು ಚಿತ್ರಗಳಲ್ಲಿ ಅದದೇ ನಟರು, ಅದದೇ ತಂತ್ರಜ್ಞರು. ಪ್ರತಿ ಸಲ ಹೊಸಬರಿಗೆ ಮೊದಲಿಂದ ವಿವರಿಸುವ ಅಗತ್ಯ ಇರಲಿಲ್ಲ. ಅವರೂ ಸಮಯ ಉಳಿಸುತ್ತಿದ್ದರು, ಬೇರೆ ರೀತಿಯಲ್ಲಿ. ಹಾಗಾಗಿ ಬೇಗ ಮಾಡುವವರೆಲ್ಲ ಕಳಪೆ ಮಾಡುತ್ತಾರೆ ಎಂಬುದು ಶುದ್ಧ ತಪ್ಪು.

ಹೊಸದಾಗಿ ಬರುವವರು ಕೇಳಿದರೆ ನಾನು ಹೇಳುವುದು ಹೀಗೆ: ಅಭ್ಯಾಸ ಎಷ್ಟು ಬೇಕಾದರೂ ಮಾಡಿ, ಜಾಸ್ತಿ ಮಾಡಿ. ವಾರಕ್ಕೊಂದು ದೃಶ್ಯ ಬರೆಯಿರಿ. ಮೊಬೈಲ್‌ನಲ್ಲೇ ಒಂದು ನಿಮಿಷದ್ದು ತೆಗೆಯಿರಿ. ಒಂದೇ ದೃಶ್ಯವನ್ನು ಮೂರು ಥರ ಎಡಿಟ್ ಮಾಡಿ. ಅದನ್ನೆಲ್ಲ ಜನರ ಮುಂದೆ ಇಡಬೇಕೆಂದಿಲ್ಲ. ಜನರ ಮುಂದೆ ಇಡುವುದರಲ್ಲಿ, ನಿಮ್ಮ ಹೆಸರು ಹಾಕುವುದರಲ್ಲಿ ಮಾತ್ರ ಬಿಗಿಯಾಗಿರಿ. ಅಭ್ಯಾಸಕ್ಕೂ ಬಿಡುಗಡೆಗೂ ನಡುವಿನ ಈ ಗೆರೆ ಮಸುಕಾದಾಗಲೇ ಗೊಂದಲ ಹುಟ್ಟುವುದು. ಒಬ್ಬರು ಅಭ್ಯಾಸವನ್ನೆಲ್ಲ ಬಿಡುಗಡೆ ಮಾಡಿ ಹೆಸರು ಕೆಡಿಸಿಕೊಳ್ಳುತ್ತಾರೆ. ಇನ್ನೊಬ್ಬರು ಬಿಡುಗಡೆಗೆ ತಕ್ಕದ್ದು ಬರಲಿ ಎಂದು ಅಭ್ಯಾಸವನ್ನೇ ಬಿಟ್ಟುಬಿಡುತ್ತಾರೆ.

ಬೇಡ ಎನ್ನುವುದು ಹೇಗೆ

ಯಾರೋ ಒಂದು ಸಿನಿಮಾ ಮಾಡಿಕೊಡಿ ಎಂದು ಬಂದಾಗ ಕಥೆ ಚೆನ್ನಾಗಿದೆಯೋ ಇಲ್ಲವೋ ಎಂದು ಮಾತ್ರ ನೋಡಿದರೆ ಸಾಲದು. ಒಳ್ಳೆಯ ಕಥೆಯನ್ನು ಕೊಲ್ಲುವಂಥ ಶೆಡ್ಯೂಲ್‌ಗಳಿವೆ. ನಾನು ಈಗ ಮೊದಲು ಕೇಳುವುದು ದಿನಗಳ ಬಗ್ಗೆ. ಬರೆಯಲು ಎಷ್ಟು ತಿಂಗಳು? ನಟರು ರಿಹರ್ಸಲ್‌ಗೆ ಸಿಗುತ್ತಾರಾ? ಬಿಡುಗಡೆ ದಿನಾಂಕ ಈಗಾಗಲೇ ನಿಗದಿಯಾಗಿದೆಯಾ? ಕೊನೆಯ ಕಟ್, ಅಂದರೆ ಅಂತಿಮ ಎಡಿಟಿಂಗ್‌ನ ತೀರ್ಮಾನ, ಯಾರ ಕೈಯಲ್ಲಿ? ಒಮ್ಮೆ ಒಂದು ಸಂಸ್ಥೆ ತುಂಬಾ ಚೆಂದದ ಕಥೆ ತಂದಿತ್ತು. ಬಿಡುಗಡೆಗೆ ಐದು ತಿಂಗಳಿತ್ತು, ಚಿತ್ರಕಥೆ ಇನ್ನೂ ಶುರುವೇ ಆಗಿರಲಿಲ್ಲ. ಬೇಡ ಎಂದೆ. ಎರಡು ದಿನ ನಿದ್ದೆ ಬರಲಿಲ್ಲ, ಆ ಹಣ ನನಗೆ ಬೇಕಿತ್ತು. ಬೇರೆಯವರು ಮಾಡಿದ ಆ ಚಿತ್ರವನ್ನು ಆಮೇಲೆ ನೋಡಿದೆ. ಪ್ರತಿ ದೃಶ್ಯದಲ್ಲೂ ಅವರು ಪಟ್ಟ ಪಾಡು ಕಾಣುತ್ತಿತ್ತು. ಆ ನಿರ್ದೇಶಕರ ಬಗ್ಗೆ ನನಗೆ ಗೌರವವೇ ಹೆಚ್ಚಾಯಿತು.

ಬೇಡ ಎನ್ನುವ ಶಕ್ತಿ ಮನೋಬಲದಿಂದ ಬರುವುದಕ್ಕಿಂತ ಖರ್ಚು ಕಡಿಮೆ ಇಟ್ಟುಕೊಳ್ಳುವುದರಿಂದ ಜಾಸ್ತಿ ಬರುತ್ತದೆ. ತಿಂಗಳ ಕಂತು ದೊಡ್ಡದಿದ್ದರೆ ಯಾರ ಮನೋಬಲವೂ ಉಳಿಯುವುದಿಲ್ಲ. ಆರು ತಿಂಗಳಿಗಾಗುವಷ್ಟು ಹಣ ಪಕ್ಕಕ್ಕಿಟ್ಟಿದ್ದ ವರ್ಷ ನಾನು ಮಾಡಿದ ಆಯ್ಕೆಗಳೇ ಬೇರೆ, ಇಲ್ಲದ ವರ್ಷದ್ದೇ ಬೇರೆ.

ಕಾಯುತ್ತಿದ್ದೇವೆಯೋ, ಹೆದರಿದ್ದೇವೆಯೋ

ಕೊನೆಯದಾಗಿ ಒಂದು ಅಪಾಯ. ಗುಣಮಟ್ಟ ಎಂಬ ಮಾತಿನ ಹಿಂದೆ ಹೆದರಿಕೆ ತುಂಬಾ ಸುಲಭವಾಗಿ ಅಡಗಿಕೊಳ್ಳುತ್ತದೆ. ಇನ್ನೂ ಸ್ವಲ್ಪ ಚೆನ್ನಾಗಿ ಆಗಲಿ ಎನ್ನುತ್ತಾ ವರ್ಷಗಳು ಹೋಗುತ್ತವೆ. ಹೊರಗಿನಿಂದ ನೋಡಿದರೆ ಕಾಯುವುದು, ಹೆದರುವುದು ಎರಡೂ ಒಂದೇ ಥರ ಕಾಣುತ್ತವೆ. ಒಳಗಿರುವವರಿಗೂ ಎಷ್ಟೋ ಸಲ ಗೊತ್ತಾಗುವುದಿಲ್ಲ.

ನಾನು ಒಂದು ಅಳತೆ ಇಟ್ಟುಕೊಂಡಿದ್ದೇನೆ. ಕಳೆದ ತಿಂಗಳು ಚಿತ್ರಕಥೆಯಲ್ಲಿ ಏನು ಬದಲಾಯಿತು ಎಂದು ಬರೆದಿಡುತ್ತೇನೆ. "ಅಣ್ಣ ತಂಗಿ ಜಗಳ ಊಟದ ಮನೆಯಿಂದ ಮೆಟ್ಟಿಲಿಗೆ ಬಂತು, ಈಗ ಅವಳು ಮೇಲಿನ ಮೆಟ್ಟಿಲಲ್ಲಿ ನಿಂತಿರುತ್ತಾಳೆ" ಎಂದು ಬರೆಯಲು ಸಾಧ್ಯವಾದರೆ ಕೆಲಸ ನಡೆಯುತ್ತಿದೆ. ಅಲ್ಪವಿರಾಮ, ಪದಗಳ ಹಿಂದುಮುಂದು, ಪಾತ್ರದ ಹೆಸರು ಬದಲಾವಣೆ, ಇಷ್ಟೇ ಇದ್ದರೆ ನಾನು ಹೆದರಿದ್ದೇನೆ ಎಂದರ್ಥ. ಆಗ ನಂಬಿಕೆಯಿರುವ ಇಬ್ಬರಿಗೆ ಓದಲು ಕೊಡುತ್ತೇನೆ, ಅವರು ಮುಗಿಸುವವರೆಗೆ ಅದನ್ನು ಮುಟ್ಟುವುದಿಲ್ಲ. ಎಡಿಟಿಂಗ್‌ನಲ್ಲೂ ಹಾಗೆಯೇ. ಗುರುತಿಲ್ಲದ ಹತ್ತು ಜನರಿಗೆ ರಫ್ ಕಟ್ (ಇನ್ನೂ ಅಂತಿಮವಾಗದ ಎಡಿಟ್) ತೋರಿಸಿ, ಪರದೆ ನೋಡದೆ ಅವರನ್ನು ನೋಡುತ್ತಾ ಕೂರುತ್ತೇನೆ. ಯಾರು ಯಾವಾಗ ಕುರ್ಚಿಯಲ್ಲಿ ಅಲುಗಾಡಿದರು, ಯಾರು ಮೊಬೈಲ್ ತೆಗೆದರು ಎಂದು ಗುರುತು ಹಾಕಿಕೊಳ್ಳುತ್ತೇನೆ.

ಆ ಕೀಲಿಕೈ ಶಾಟನ್ನು ಹೋದ ವರ್ಷ ಹಳೇ ಹಾರ್ಡ್ ಡಿಸ್ಕ್‌ನಿಂದ ಮತ್ತೆ ತೆರೆದು, 14 ಫ್ರೇಮ್ ಸೇರಿಸಿ, ಡಬ್ ಮಾಡಿದ್ದ ಮಾತನ್ನು ತೆಗೆದುಹಾಕಿದೆ. ಎಲ್ಲಿಗೂ ಕಳಿಸುವುದಕ್ಕಲ್ಲ. ಆ ನಟರಿಗೆ ತೋರಿಸಬೇಕೆಂದಿತ್ತು. ಅವರು ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ನಾನು ಬೇಕೂಂತ್ಲೇ ಮಾಡಿದ್ದೆ ಕಣಪ್ಪ, ನಿಮಗೆ ಇಷ್ಟ ಆಗ್ಲಿಲ್ಲ ಅಂದ್ಕೊಂಡಿದ್ದೆ" ಎಂದರು.